ಧರ್ಮಗ್ರಂಥಗಳ ನಗರವರ್ಣನೆ ಮತ್ತು ಅದರ ಐತಿಹಾಸಿಕ ಪ್ರಾಮಾಣ್ಯ: ಭೀಮಾ ಕಣಿವೆಯ ಮೂರು ನಿದರ್ಶನಗಳು

೧. ವಿಷಯದ ಸ್ವರೂಪ

ನಮ್ಮ ಪುರಾಣಗಳಲ್ಲಿಯೂ ಇತಿಹಾಸಕಾವ್ಯಗಳಲ್ಲಿಯೂ ಬೌದ್ಧ ಜೈನ ಆಗಮಗಳಲ್ಲಿಯೂ ಪ್ರಾಚೀನ ನಗರಗಳ ವರ್ಣನೆ ಹೇರಳವಾಗಿದೆ. ಆ ನಗರಗಳು ನಿಜವಾಗಿ ಇದ್ದವೇ, ಇದ್ದರೆ ವರ್ಣಿಸಿದಂತೆಯೇ ಇದ್ದವೇ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ಗ್ರಂಥವು ಹೇಳಿದ್ದೆಲ್ಲವೂ ನಡೆದದ್ದೇ ಎಂದು ನಂಬಿ, ಅಗೆದಲ್ಲೆಲ್ಲ ಅದರ ಸಮರ್ಥನೆಯನ್ನೇ ಕಾಣುವವರದು ಮೊದಲನೆಯದು. ಪವಾಡಗಳಿಂದ ತುಂಬಿದ ಗ್ರಂಥದಲ್ಲಿ ಇತಿಹಾಸಕ್ಕೆ ಎಡೆಯೇ ಇಲ್ಲವೆಂದು ಅದನ್ನು ಮುಚ್ಚಿಡುವವರದು ಎರಡನೆಯದು. ಇವೆರಡೂ ಗ್ರಂಥವನ್ನು ಒಂದೇ ಅಖಂಡ ಸಾಕ್ಷಿಯೆಂದು ಎಣಿಸುತ್ತವೆ. ವಸ್ತುತಃ ಒಂದೇ ಅಧ್ಯಾಯದಲ್ಲಿ ಕಣ್ಣಾರೆ ಕಂಡ ಸಂಗತಿಯೂ ಕೇಳಿದ ಸುದ್ದಿಯೂ ಕವಿಸಮಯವೂ ಒಟ್ಟಾಗಿರಬಹುದು. ಅವುಗಳನ್ನು ಬಿಡಿಸಿ ಒಂದೊಂದನ್ನೂ ಬೇರೆಯಾಗಿ ತೂಗುವುದೇ ಸಂಶೋಧಕನ ಕರ್ತವ್ಯ.

ಈ ತೂಗುವಿಕೆಗೆ ಕಲಬುರಗಿ ಜಿಲ್ಲೆಯ ಭೀಮಾ ಕಣಿವೆಯಷ್ಟು ಅನುಕೂಲವಾದ ಕ್ಷೇತ್ರವು ವಿರಳ. ಅಫಜಲಪುರ ತಾಲೂಕಿನ ಸೊನ್ನ ಗ್ರಾಮದ ಬಳಿ ನದಿಗೆ ಬ್ಯಾರೇಜು ಕಟ್ಟಲಾಗಿದೆ. ಅಲ್ಲಿಂದ ಹೊಳೆಯ ಗುಂಟ ಕೆಳಗೆ ಸಾಗಿದರೆ ಅಮರ್ಜಾ ಸಂಗಮದ ದೇವಲ ಗಾಣಗಾಪುರವೂ, ಮುಂದೆ ಕಾಗಿಣಾ ಕೂಡುವ ಹೊನಗುಂಟದ ನೆರೆಯೂ, ಅದರಾಚೆ ಸನ್ನತಿಯೂ ದೊರೆಯುತ್ತವೆ. ಕಾಗಿಣೆಯನ್ನು ಹಿಡಿದು ಮೇಲಕ್ಕೆ ಹೋದರೆ ಮಾನ್ಯಖೇಟವೆನಿಸಿದ್ದ ಮಳಖೇಡ. ಹೀಗೆ ಒಂದೇ ಜಲಾನಯನದಲ್ಲಿ ವೈದಿಕ ಕ್ಷೇತ್ರಮಾಹಾತ್ಮ್ಯ, ಜೈನ ಪುರಾಣ, ದತ್ತಸಂಪ್ರದಾಯದ ಚರಿತೆ ಎಂಬ ಮೂರು ಬಗೆಯ ಗ್ರಂಥಗಳೂ, ಅವುಗಳನ್ನು ಪರೀಕ್ಷಿಸಲು ಬೇಕಾದ ಶಾಸನಗಳೂ ಅವಶೇಷಗಳೂ ಕೂಡಿಬಂದಿವೆ. ಈ ಮೂರನ್ನು ಪರಿಶೀಲಿಸಿ, ಅವುಗಳಿಂದ ಹೊರಡುವ ಸಾಮಾನ್ಯ ಸೂತ್ರಗಳನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಹನ್ನೆರಡು ಯೋಜನಗಳ ನಗರ

ಮೊದಲು ಕಳೆಯಬೇಕಾದುದು ಸಂಪ್ರದಾಯದ ಅಂಶ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಅಯೋಧ್ಯೆಯು ೧೨ ಯೋಜನ ಉದ್ದ, ೩ ಯೋಜನ ಅಗಲ. ಭಾಗವತದಲ್ಲಿ ಸಮುದ್ರಮಧ್ಯದ ದ್ವಾರಕಾದುರ್ಗವು ೧೨ ಯೋಜನ. ಪಾಳಿ ದೀಘನಿಕಾಯದ ಮಹಾಸುದಸ್ಸನ ಸುತ್ತದಲ್ಲಿ ಕುಶಾವತಿಯು ೧೨ ಯೋಜನ ಉದ್ದ, ೭ ಯೋಜನ ಅಗಲ. ಜೈನ ಸಂಪ್ರದಾಯದ ವಿನೀತಾನಗರಿಯು ೧೨ ಯೋಜನ ಉದ್ದ, ೯ ಯೋಜನ ಅಗಲ. ಮತದಲ್ಲಿಯೂ ಭಾಷೆಯಲ್ಲಿಯೂ ಭಿನ್ನವಾದ ಈ ನಾಲ್ಕು ಗ್ರಂಥಪರಂಪರೆಗಳು ಬೇರೆ ಬೇರೆ ನಗರಗಳಿಗೆ ಒಂದೇ ಉದ್ದವನ್ನು ಹೇಳುವುದು ಅಳತೆಯ ಫಲವಾಗಿರಲಾರದು. ಚಕ್ರವರ್ತಿಯ ರಾಜಧಾನಿಗೆ ಇರತಕ್ಕ ಪ್ರಮಾಣವೆಂದು ಆ ಸಂಖ್ಯೆಯು ಮೊದಲೇ ನಿಶ್ಚಿತವಾಗಿದ್ದಿತು.

ಯೋಜನದ ಮಾನವು ಕಾಲದೇಶಗಳಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತಿತ್ತು. ಅದನ್ನು ೮ ಕಿಲೋಮೀಟರಿಗೆ ಇಳಿಸಿಕೊಂಡರೂ ವಾಲ್ಮೀಕಿಯ ಅಯೋಧ್ಯೆಯ ವಿಸ್ತಾರವು ೨,೩೦೦ ಚದರ ಕಿಲೋಮೀಟರನ್ನು ಮೀರುತ್ತದೆ. ಅಫಜಲಪುರದಂತಹ ಒಂದು ತಾಲೂಕು ಅದರೊಳಗೆ ಅಡಗಿ ಹೋದೀತು. ಕ್ರಿ.ಶ. ಮೂರನೆಯ ಶತಮಾನದ ರೋಮ್ ನಗರದ ಕೋಟೆಯ ಸುತ್ತಳತೆಯೇ ಸುಮಾರು ೧೯ ಕಿಲೋಮೀಟರು ಮಾತ್ರ.

ಇದರಂತೆಯೇ ಚಿನ್ನದ ಪ್ರಾಕಾರ, ಸ್ಫಟಿಕದ ಸೋಪಾನ, ಕಮಲಗಳಿಂದ ತುಂಬಿದ ಕಂದಕ, ಮುಗಿಲನ್ನು ಮುಟ್ಟುವ ಉಪ್ಪರಿಗೆ ಇವೆಲ್ಲವೂ ಪರಂಪರೆಯಿಂದ ಬಂದ ಸಾಮಗ್ರಿ. ಮಹಾಕಾವ್ಯಕ್ಕೆ ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ನಗರವರ್ಣನೆಯೂ ಒಂದಾದುದರಿಂದ, ಕವಿಯು ಆ ಊರನ್ನು ನೋಡಿರಲಿ ಬಿಡಲಿ, ವರ್ಣಿಸಲೇಬೇಕಾಗಿತ್ತು. ಆದರೆ ಅದೇ ಮಹಾಸುದಸ್ಸನ ಸುತ್ತದ ಪ್ರಾರಂಭವನ್ನು ಗಮನಿಸಬೇಕು. ಬುದ್ಧನು ಕುಶಿನಾರೆಯಲ್ಲಿ ಪರಿನಿರ್ವಾಣ ಹೊಂದಲು ಉದ್ಯುಕ್ತನಾದಾಗ ಆನಂದನು, ಇದು ಮಣ್ಣು ಮೆತ್ತಿದ ಗೋಡೆಗಳ ಕ್ಷುದ್ರ ಪಟ್ಟಣ, ಇಲ್ಲಿ ಬೇಡವೆಂದು ಬಿನ್ನವಿಸುತ್ತಾನೆ. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ಅಲ್ಲಿ ಹಿಂದೆ ಕುಶಾವತಿಯೆಂಬ ಸುವರ್ಣನಗರಿ ಇದ್ದಿತೆಂಬ ಕಥೆ ಬರುತ್ತದೆ. ಭಕ್ತನಾದ ಬರಹಗಾರನು ತನ್ನ ಗುರುವಿನ ಅಂತ್ಯಸ್ಥಾನಕ್ಕೆ ಬಡತನವನ್ನು ಕಲ್ಪಿಸಿ ಹೇಳಲಾರನು. ಆದುದರಿಂದ ಮಣ್ಣಿನ ಗೋಡೆಯ ಮಾತು ವಿಶ್ವಸನೀಯ, ಚಿನ್ನದ ಗೋಡೆಯ ಮಾತು ಅಲಂಕಾರ. ಗ್ರಂಥದ ಉದ್ದೇಶಕ್ಕೆ ಅನುಕೂಲವಲ್ಲದ ಸಂಗತಿಯು ಅದರಲ್ಲಿ ಉಳಿದುಬಂದಿದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಬೇಕೆಂಬ ಸೂತ್ರವು ಇಲ್ಲಿ ದೊರೆಯುತ್ತದೆ.

ಉತ್ಖನನವು ಈ ವಿವೇಚನೆಗೆ ಎಷ್ಟರ ಮಟ್ಟಿಗೆ ನೆರವಾಗಬಲ್ಲುದೆಂಬುದಕ್ಕೆ ಹಸ್ತಿನಾಪುರವು ಉದಾಹರಣೆ. ನಿಚಕ್ಷುವೆಂಬ ಅರಸನ ಕಾಲದಲ್ಲಿ ಗಂಗೆಯು ಹಸ್ತಿನಾಪುರವನ್ನು ಕೊಚ್ಚಿದುದರಿಂದ ರಾಜಧಾನಿಯು ಕೌಶಾಂಬಿಗೆ ಹೋಯಿತೆಂದು ಪುರಾಣಗಳು ಹೇಳುತ್ತವೆ. ೧೯೫೦ರಿಂದ ೧೯೫೨ರ ವರೆಗೆ ಬಿ. ಬಿ. ಲಾಲ್ ಅವರು ಅಲ್ಲಿ ನಡೆಸಿದ ಉತ್ಖನನದಲ್ಲಿ, ಚಿತ್ರಿತ ಬೂದುಬಣ್ಣದ ಮಡಕೆಗಳ ಕಾಲದ ವಸತಿಯು ಪ್ರವಾಹದಿಂದ ಕೊರೆದುಹೋದ ಗುರುತುಗಳು ಸಿಕ್ಕಿದವು. ಆದರೆ ಆ ಸ್ತರದ ಮನೆಗಳು ಮಣ್ಣಿನವೂ ತಡಿಕೆಯವೂ ಆಗಿದ್ದವು. ಹೊಳೆ ಬಂದು ಊರು ಹಾಳಾದ ನೆನಪು ನಿಜವಾಗಿರಬಹುದು. ಅರಮನೆಗಳ ವೈಭವಕ್ಕೆ ಆಧಾರವಿಲ್ಲ. ಪಶ್ಚಿಮದಲ್ಲಿಯೂ ಹೀಗೆಯೇ. ಯೆರಿಕೋ ನಗರದ ಗೋಡೆಗಳು ಯೆಹೋಶುವನ ಮುಂದೆ ಕುಸಿದವೆಂಬ ಬೈಬಲಿನ ಕಥೆಗೆ ಸಲ್ಲುವ ಕಾಲದಲ್ಲಿ ಅಲ್ಲಿ ಅಂತಹ ಕೋಟೆಯೇ ನಿಂತಿರಲಿಲ್ಲವೆಂಬ ನಿರ್ಣಯಕ್ಕೆ ೧೯೫೨ರಿಂದ ೧೯೫೮ರ ವರೆಗೆ ಅಗೆದ ಕ್ಯಾಥ್ಲೀನ್ ಕೆನ್ಯನ್ ಅವರು ಬಂದರು. ಯೆರಿಕೋ ಎಂಬ ಅತಿಪ್ರಾಚೀನ ನಗರವು ಇದ್ದುದು ಮಾತ್ರ ನಿಸ್ಸಂದೇಹ. ನಗರದ ಅಸ್ತಿತ್ವವು ಸಿದ್ಧವಾದ ಮಾತ್ರಕ್ಕೆ ಅದರ ಕುರಿತಾದ ಕಥೆಯು ಸಿದ್ಧವಾಗುವುದಿಲ್ಲ.

೩. ಮಾನ್ಯಖೇಟ: ಶತ್ರುಮಿತ್ರರ ಸಾಕ್ಷ್ಯ

ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ದೇವೇಂದ್ರನ ನಗರವನ್ನೇ ನಗುವಂತಿತ್ತೆಂದು ಮೂರನೆಯ ಕೃಷ್ಣನ ತಾಮ್ರಶಾಸನಗಳು ಹೊಗಳುತ್ತವೆ. ಶಾಸನವೆಂದ ಮಾತ್ರಕ್ಕೆ ಈ ಮಾತಿಗೆ ಪುರಾಣದ ಮಾತಿಗಿಂತ ಹೆಚ್ಚು ಬೆಲೆಯಿಲ್ಲ. ತಾಮ್ರಪಟದ ಪ್ರಶಸ್ತಿಭಾಗವೂ ಕಾವ್ಯವೇ. ಆದರೆ ನಗರದ ನಿರ್ಮಾಣವು ನೃಪತುಂಗ ಅಮೋಘವರ್ಷನದೆಂದು ಅದೇ ಶಾಸನಗಳು ಹೇಳುವ ಸಂಗತಿಯು ಅಲಂಕಾರವಲ್ಲ. ಅದು ವಂಶದ ನೆನಪು.

ಇದೇ ಕೃಷ್ಣನ ಕಾಲದಲ್ಲಿ ಪುಷ್ಪದಂತನೆಂಬ ಜೈನಕವಿಯು ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣವನ್ನು ರಚಿಸಿದನು. ೯೫೯ರಲ್ಲಿ ಪ್ರಾರಂಭವಾದ ಆ ಗ್ರಂಥವು ೯೬೫ರಲ್ಲಿ ಮುಗಿಯಿತು. ತ್ರಿಷಷ್ಟಿಶಲಾಕಾಪುರುಷರ ಚರಿತೆಯಾದ ಅದರಲ್ಲಿ ದೇವನಿರ್ಮಿತ ನಗರಗಳ ವರ್ಣನೆಯು ಸಹಜವಾಗಿಯೇ ಪರಂಪರೆಗೆ ಅನುಸಾರವಾಗಿದೆ. ಅವನೇ ಮುಂದೆ ರಚಿಸಿದ ನಾಗಕುಮಾರಚರಿತೆಯಲ್ಲಿ ಮಾನ್ಯಖೇಟದ ಬಿಳಿಯ ಮಹಡಿಗಳು ಮೋಡಗಳನ್ನು ತಡೆಯುತ್ತವೆ. ಅರಸನ ಖಡ್ಗವೇ ನಗರಕ್ಕೆ ನದಿಯಂತೆ ದುರ್ಗಮತೆಯನ್ನು ಒದಗಿಸುತ್ತದೆ. ಇದರಿಂದ ಊರಿನ ನಕ್ಷೆಯನ್ನು ಬರೆಯಲು ಯತ್ನಿಸುವುದು ವ್ಯರ್ಥ. ಆದರೆ ಮಹಾಪುರಾಣದ ಆದಿಯಲ್ಲಿ ಕವಿಯು ತನ್ನನ್ನು ಕುರಿತು ಹೇಳಿಕೊಳ್ಳುವ ಸಂಗತಿ ಬೇರೆ ಜಾತಿಯದು. ದೂರದಿಂದ ದಣಿದು ಬಂದು ಊರ ಹೊರಗಿನ ವನದಲ್ಲಿ ಅವನು ತಂಗಿರುತ್ತಾನೆ. ಪಟ್ಟಣದೊಳಕ್ಕೆ ಬಾರೆಂದು ಇಬ್ಬರು ಕರೆದಾಗ, ದುರ್ಜನರ ಹುಬ್ಬುಗಂಟನ್ನು ನೋಡುವುದಕ್ಕಿಂತ ಕಾಡಿನಲ್ಲಿ ಸಾಯುವುದೇ ಲೇಸೆಂದು ಕಹಿಯಾಗಿ ಉತ್ತರಿಸುತ್ತಾನೆ; ಬಳಿಕ ಮಂತ್ರಿಯಾದ ಭರತನ ಆಶ್ರಯಕ್ಕೆ ಒಪ್ಪುತ್ತಾನೆ. ನಗರವರ್ಣನೆಯ ವಿಧಿಯಲ್ಲಿ ಇಂತಹ ಕಹಿಗೆ ಸ್ಥಳವಿಲ್ಲ. ಇದು ಅನುಭವದ ಮಾತು.

ಇನ್ನೂ ಮುಖ್ಯವಾದುದು ಈ ಗ್ರಂಥದ ಕೆಲವು ಹಸ್ತಪ್ರತಿಗಳಲ್ಲಿ ದೊರೆಯುವ ಒಂದು ಸಂಸ್ಕೃತ ಪದ್ಯ. ಜನಧನಗಳಿಂದ ತುಂಬಿದ್ದ ಮಾನ್ಯಖೇಟವು ಧಾರಾನಾಥನ ಕೋಪಾಗ್ನಿಯಲ್ಲಿ ಸುಟ್ಟುಹೋಗಿರಲು ಪುಷ್ಪದಂತನು ಇನ್ನೆಲ್ಲಿ ವಾಸಿಸಲಿ ಎಂಬುದು ಅದರ ತಾತ್ಪರ್ಯ. ಪರಮಾರ ಸೀಯಕ ಹರ್ಷನು ಖೊಟ್ಟಿಗನ ಆಳಿಕೆಯಲ್ಲಿ ಮಾನ್ಯಖೇಟವನ್ನು ಸೂರೆಗೊಂಡದ್ದು ೯೭೨ರಲ್ಲಿ. ೯೬೫ರಲ್ಲಿ ಮುಗಿದ ಗ್ರಂಥದಲ್ಲಿ ೯೭೨ರ ಸಂಗತಿಯು ಹೇಗೆ ಬಂದಿತು? ಮೂಲರಚನೆಯ ತರುವಾಯ ಈ ಪದ್ಯವು ಸೇರಿತೆನ್ನದೆ ಗತ್ಯಂತರವಿಲ್ಲ. ಧರ್ಮಗ್ರಂಥವು ಒಂದೇ ದಿನದಲ್ಲಿ ಹುಟ್ಟಿ ಹಾಗೆಯೇ ಉಳಿಯುವ ವಸ್ತುವಲ್ಲ, ಅದರಲ್ಲಿ ಸ್ತರಗಳಿರುತ್ತವೆ, ಒಂದೊಂದು ಸ್ತರಕ್ಕೂ ಕಾಲನಿರ್ಣಯ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಪದ್ಯವು ತಡವಾಗಿ ಸೇರಿದ್ದರಿಂದ ಅದು ಸುಳ್ಳಾಗುವುದಿಲ್ಲ. ಧನಪಾಲನು ತನ್ನ ತಂಗಿಗಾಗಿ ಧಾರಾನಗರದಲ್ಲಿ ಬರೆದ ಪಾಇಯಲಚ್ಛಿ ಎಂಬ ಪ್ರಾಕೃತ ನಿಘಂಟಿನ ಕೊನೆಯಲ್ಲಿ, ವಿಕ್ರಮ ಸಂವತ್ಸರ ೧೦೨೯ರಲ್ಲಿ ಮಾಳವದವರು ಮನ್ನಖೇಡವನ್ನು ಸೂರೆಗೊಂಡಾಗ ಗ್ರಂಥವು ರಚಿತವಾಯಿತೆಂದು ಹೇಳಿದ್ದಾನೆ. ಪರಮಾರರ ಉದಯಪುರ ಪ್ರಶಸ್ತಿಯೂ ಹರ್ಷನು ಖೊಟ್ಟಿಗನ ಸಂಪತ್ತನ್ನು ಯುದ್ಧದಲ್ಲಿ ಅಪಹರಿಸಿದನೆಂದು ಕೊಂಡಾಡುತ್ತದೆ. ಸೋತ ನಗರದ ಕವಿ ಅಳುತ್ತಾನೆ. ಗೆದ್ದ ನಗರದ ಕೋಶಕಾರನು ಆ ಸೂರೆಯನ್ನು ಕಾಲಸೂಚನೆಯಾಗಿ ಬಳಸಿಕೊಳ್ಳುತ್ತಾನೆ. ಗೆದ್ದವರ ವಂಶಜರು ಅದನ್ನು ಕಲ್ಲಿನಲ್ಲಿ ಕೊರೆಸುತ್ತಾರೆ. ಒಬ್ಬರನ್ನು ನೋಡಿ ಮತ್ತೊಬ್ಬರು ಬರೆಯಲು ಕಾರಣವಿಲ್ಲದ ಮೂವರು ಒಂದೇ ಮಾತನ್ನು ಹೇಳಿದಾಗ ಸಂದೇಹಕ್ಕೆ ಎಡೆಯಿಲ್ಲ. ಮಾನ್ಯಖೇಟದ ಉಪ್ಪರಿಗೆಗಳ ಎತ್ತರವನ್ನು ನಾವು ಅರಿಯೆವು; ಅದರ ಬೆಂಕಿಯ ವರುಷವನ್ನು ಬಲ್ಲೆವು.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಮಳಖೇಡದಲ್ಲಿ ಈಗ ಕಾಣುವ ಕೋಟೆಯನ್ನು ನೋಡಿದೊಡನೆ ಅದನ್ನು ನೃಪತುಂಗನ ಕೋಟೆಯೆಂದು ಕರೆಯುವುದು ವಾಡಿಕೆ. ರಾಷ್ಟ್ರಕೂಟರ ನಂತರವೂ ಅಲ್ಲಿ ಆಳಿಕೆಗಳು ನಡೆದವು, ಗೋಡೆಗಳು ಎದ್ದವು, ರಿಪೇರಿಯಾದವು. ಕಣ್ಣೆದುರಿನ ಗೋಡೆಗೂ ಗ್ರಂಥದೊಳಗಿನ ಗೋಡೆಗೂ ಸಂಬಂಧವನ್ನು ಸ್ಥಾಪಿಸುವುದಕ್ಕೆ ಹೆಸರಿನ ಸಾಮ್ಯವು ಸಾಲದು. ಕಟ್ಟಡದ ರೀತಿ, ಇಟ್ಟಿಗೆಯ ಅಳತೆ, ಬುಡದ ಮಣ್ಣಿನ ಸ್ತರ ಇವುಗಳ ಸಾಕ್ಷ್ಯ ಬೇಕು.

೪. ಗಾಣಗಾಪುರ: ಸಮೀಪಕಾಲದ ಗ್ರಂಥ

ಸರಸ್ವತೀ ಗಂಗಾಧರನ ಗುರುಚರಿತ್ರೆಯು ನೃಸಿಂಹಸರಸ್ವತಿಗಳ ಚರಿತೆಯನ್ನು ಮರಾಠಿ ಓವಿಗಳಲ್ಲಿ ಹೇಳುವ ಪಾರಾಯಣಗ್ರಂಥ. ನಡುವೆ ಕನ್ನಡದ ಪದಗಳೂ ಬರುವುದರಿಂದ ಅದು ಹುಟ್ಟಿದ ಪರಿಸರದ ದ್ವಿಭಾಷಿಕ ಸ್ವರೂಪವು ತಾನಾಗಿ ವ್ಯಕ್ತವಾಗುತ್ತದೆ. ಪವಾಡಗಳು ಅದರಲ್ಲಿ ಹೇರಳ. ಆದರೂ ಅದರ ಸ್ಥಳವಿವರಣೆಯು ಅಚ್ಚರಿಪಡುವಷ್ಟು ನಿಷ್ಕೃಷ್ಟವಾಗಿದೆ. ಭೀಮಾ ಅಮರಜಾ ಸಂಗಮ, ಅಲ್ಲಿಯ ಅಶ್ವತ್ಥ, ಊರಿನೊಳಗಣ ಮಠ, ಷಟ್ಕುಲದಿಂದ ಮನ್ಮಥದ ವರೆಗಿನ ಎಂಟು ತೀರ್ಥಗಳು ಇವುಗಳನ್ನು ಗ್ರಂಥವು ಯಾತ್ರಿಕನನ್ನು ಕೈಹಿಡಿದು ನಡೆಸುವಂತೆ ಕ್ರಮವಾಗಿ ಹೇಳುತ್ತದೆ. ಇಂದಿಗೂ ಯಾತ್ರಿಕರು ಆ ಕ್ರಮವನ್ನು ಅನುಸರಿಸುತ್ತಾರೆ. ಅಮರಜೆಯು ಅಮೃತಬಿಂದುವಿನಿಂದ ಹುಟ್ಟಿತೆಂಬುದು ಪುರಾಣ. ಅದು ಆಳಂದ ಸೀಮೆಯಿಂದ ಹರಿದುಬಂದು ಭೀಮೆಯನ್ನು ಕೂಡುತ್ತದೆಂಬುದು ಭೂಗೋಳ. ಎರಡೂ ಒಂದೇ ಪುಟದಲ್ಲಿ ಇರುವುದರಿಂದ ಒಂದು ಮತ್ತೊಂದನ್ನು ಕೆಡಿಸುವುದಿಲ್ಲ.

ರಾಜಕೀಯ ಪರಿಸರವನ್ನು ಕುರಿತ ಒಂದು ವಿವರವು ವಿಶೇಷ ಪರಿಶೀಲನೆಗೆ ಅರ್ಹ. ಹುಣ್ಣಿನಿಂದ ಬಾಧಿತನಾದ ಒಬ್ಬ ಮುಸಲ್ಮಾನ ದೊರೆಯು ವೈದುರಾನಗರದಿಂದ ಗಾಣಗಾಪುರಕ್ಕೆ ಬಂದು ಗುಣಹೊಂದಿದನೆಂದು ಗ್ರಂಥವು ಹೇಳುತ್ತದೆ. ವೈದುರಾನಗರವೆಂದರೆ ಬೀದರ. ಗಾಣಗಾಪುರಕ್ಕೆ ಬೀದರಕ್ಕಿಂತ ಕಲಬುರಗಿಯೇ ಹತ್ತಿರ. ಅದು ಬಹಮನಿ ರಾಜ್ಯದ ಮೊದಲ ರಾಜಧಾನಿಯೂ ಹೌದು. ಕೇವಲ ಕಲ್ಪನೆಯಿಂದ ಬರೆಯುವವನಿಗೆ ಹತ್ತಿರದ ಕಲಬುರಗಿಯೇ ಸುಲಭವಾಗಿ ಹೊಳೆಯುತ್ತಿತ್ತು. ಆದರೆ ಅಹಮದ್ ಶಹಾನ (೧೪೨೨–೧೪೩೬) ಆಳಿಕೆಯಲ್ಲಿ ರಾಜಧಾನಿಯು ಬೀದರಕ್ಕೆ ಹೋಗಿದ್ದುದರಿಂದ, ಹದಿನೈದನೆಯ ಶತಮಾನದ ಮಧ್ಯಭಾಗದ ದೊರೆಯು ಬೀದರದಿಂದಲೇ ಬರಬೇಕು. ಗ್ರಂಥಕಾರನಿಗಾಗಲಿ ಅವನಿಗೆ ಕಥೆಯನ್ನು ತಲುಪಿಸಿದವರಿಗಾಗಲಿ ಆ ಕಾಲದ ಸರಿಯಾದ ತಿಳಿವಳಿಕೆ ಇದ್ದಿತೆಂದು ಇದರಿಂದ ಸಿದ್ಧವಾಗುತ್ತದೆ. ಹುಣ್ಣು ಮಾಯವಾದ ಸಂಗತಿಯನ್ನು ಇತಿಹಾಸವು ಪರೀಕ್ಷಿಸಲಾರದು. ದೊರೆಯು ಯಾವ ಊರಿನಿಂದ ಬಂದನೆಂಬುದನ್ನು ಪರೀಕ್ಷಿಸಬಲ್ಲುದು. ಗ್ರಂಥವು ವರ್ಣಿಸುವ ಕಾಲಕ್ಕೂ ಅದು ಹುಟ್ಟಿದ ಕಾಲಕ್ಕೂ ಇರುವ ಅಂತರವು ಕಡಿಮೆಯಾದಷ್ಟೂ ಇಂತಹ ವಿವರಗಳು ಸರಿಯಾಗಿರುವ ಸಂಭವ ಹೆಚ್ಚು.

೫. ಸನ್ನತಿ: ಮರೆವೂ ಮಣ್ಣೂ

ಚಿತ್ತಾಪುರ ತಾಲೂಕಿನ ಸನ್ನತಿಯದು ಇವೆರಡಕ್ಕಿಂತ ಕಠಿನವಾದ ಸಮಸ್ಯೆ. ಕ್ಷೇತ್ರಮಾಹಾತ್ಮ್ಯದ ಪ್ರಕಾರ ಅಲ್ಲಿ ಸೇತುರಾಜನೆಂಬ ದುಷ್ಟ ಅರಸನು ಕೋಟೆಯಲ್ಲಿ ಆಳುತ್ತಿದ್ದನು. ಅವನು ನಾರಾಯಣಮುನಿಯ ಪತ್ನಿಯಾದ ಚಂದ್ರವದನೆಯನ್ನು ಅಪಹರಿಸಿದನು. ಮುನಿಯು ದೂರದ ಹಿಂಗುಲಾದೇವಿಯನ್ನು ಒಲಿಸಿ ಕರೆತಂದನು. ಹಿಂದಿರುಗಿ ನೋಡಬಾರದೆಂಬ ಕಟ್ಟಳೆಯನ್ನು ಹೊನಗುಂಟದಲ್ಲಿ ಅವನು ಮೀರಿದುದರಿಂದ ದೇವಿಯು ಅಲ್ಲಿಯೇ ನಿಂತಳು. ಕೊನೆಗೆ ದುಂಬಿಗಳ ಸೈನ್ಯವು ಅರಸನನ್ನು ಅಟ್ಟಲು ಅವನು ಭೀಮೆಯಲ್ಲಿ ಬಿದ್ದು ಮಡಿದನು. ಚಂದ್ರಲಾಂಬಾ ಪರಮೇಶ್ವರಿಯ ಸಾನ್ನಿಧ್ಯಕ್ಕೆ ಇದು ಕಾರಣಕಥೆ. ಊರ ಬಳಿಯ ಕೋಟೆಯ ಪ್ರದೇಶಕ್ಕೆ ರಣಮಂಡಲವೆಂಬ ಹೆಸರಿದ್ದು, ಅದು ಯುದ್ಧದ ನೆನಪನ್ನು ಹೊತ್ತಂತಿದೆ.

೧೯೫೪ರಲ್ಲಿ ಕಪಟರಾಳ ಕೃಷ್ಣರಾಯರು ಸನ್ನತಿಯ ಪ್ರಾಚೀನಾವಶೇಷಗಳನ್ನು ವಿದ್ವಲ್ಲೋಕದ ಗಮನಕ್ಕೆ ತಂದರು. ೧೯೮೬ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಬಂಡೆಯು ಆಗ ಬಯಲಿಗೆ ಬಂದಿತು; ಅದು ಅಶೋಕನ ಶಾಸನ. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳೂ, ಅಲ್ಲಿಯ ವರೆಗೆ ಕಳಿಂಗದ ಧೌಲಿ ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರ ಮೇಲಿದ್ದವು. ಮೂರ್ತಿಯನ್ನು ನಿಲ್ಲಿಸಲು ನಡುವೆ ಕೊರೆದ ತೂತಿನಿಂದ ಕೆಲವು ಅಕ್ಷರಗಳು ನಷ್ಟವಾಗಿದ್ದವು. ೧೯೯೪ರಿಂದ ಮುಂದೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಸಮೀಪದ ಕನಗನಹಳ್ಳಿಯಲ್ಲಿ ನಡೆಸಿದ ಉತ್ಖನನದಲ್ಲಿ ಮಹಾಸ್ತೂಪವೇ ಹೊರಬಿದ್ದಿತು. ಅಲ್ಲಿಯ ಬರಹಗಳು ಅದನ್ನು ಅಧಾಲಕ ಮಹಾಚೇತಿಯವೆಂದು ಕರೆಯುತ್ತವೆ. ‘ರಾಯ ಅಸೋಕೋ’ ಎಂಬ ಬರಹದೊಡನೆ ಅಶೋಕನ ಶಿಲ್ಪವೂ, ಚಿಮುಕ, ಸಾತಕಣಿ, ಸುಂದರ ಸಾತಕಣಿ, ಪುಳುಮಾವಿ ಮೊದಲಾದ ಶಾತವಾಹನ ಅರಸರ ಹೆಸರುಗಳೂ ದೊರೆತವು. ಕೆ. ಪಿ. ಪೂಣಚ್ಚನವರ ಉತ್ಖನನವರದಿಯು ೨೦೧೧ರಲ್ಲಿ ಪ್ರಕಟವಾಯಿತು. ರಣಮಂಡಲದ ಕೋಟೆಪ್ರದೇಶವು ಸುಮಾರು ೮೬ ಹೆಕ್ಟೇರು. ಒಂದು ಚದರ ಕಿಲೋಮೀಟರಿಗಿಂತ ಕಡಿಮೆಯಾದ ಈ ವಿಸ್ತಾರವನ್ನು ಹನ್ನೆರಡು ಯೋಜನಗಳ ಪಕ್ಕದಲ್ಲಿಟ್ಟರೆ ಪ್ರಾಚೀನ ನಗರದ ನಿಜವಾದ ಪ್ರಮಾಣವು ಅರಿವಾಗುತ್ತದೆ.

ಈಗ ಮಾಹಾತ್ಮ್ಯವನ್ನು ತೂಗಬಹುದು. ಸನ್ನತಿಯಲ್ಲಿ ಅರಸೊತ್ತಿಗೆಯ ಕೋಟೆಯೊಂದಿತ್ತೆಂಬ ಅದರ ಮಾತನ್ನು ನೆಲವು ಸಮರ್ಥಿಸುತ್ತದೆ. ಪ್ರತ್ಯೇಕ ಶಾಸನಗಳು ಕಳಿಂಗದಲ್ಲಿ ಮಹಾಮಾತ್ರರನ್ನು ಉದ್ದೇಶಿಸಿ ಹೊರಟವಾದುದರಿಂದ, ಇಲ್ಲಿಯೂ ಮೌರ್ಯರ ಅಧಿಕಾರಕೇಂದ್ರವಿದ್ದಿತೆಂದು ಊಹಿಸಲು ಅವಕಾಶವಿದೆ. ಸೇತುರಾಜನ ಹೆಸರು ಮಾತ್ರ ಕನಗನಹಳ್ಳಿಯ ಅರಸರ ಸಾಲಿನಲ್ಲಿಲ್ಲ. ರಣಮಂಡಲದಲ್ಲಿ ಅಗೆದು ನೋಡಿದ ಭಾಗವು ಉಳಿದುದಕ್ಕೆ ಹೋಲಿಸಿದರೆ ಚಿಕ್ಕದಾದುದರಿಂದ ಅವನು ಇರಲೇ ಇಲ್ಲವೆಂದು ಸಾಧಿಸಲಾಗದು. ಇದ್ದನೆಂದು ಹೇಳಲು ಆಧಾರವೂ ಇಲ್ಲ. ಇಂತಹ ಸ್ಥಿತಿಯಲ್ಲಿ ಪ್ರಮಾಣವನ್ನು ಒದಗಿಸುವ ಹೊಣೆಯು ಇದ್ದನೆನ್ನುವವರದೇ.

ಆದರೆ ಮಾಹಾತ್ಮ್ಯವು ಹೇಳಿದ್ದಕ್ಕಿಂತ ಅದು ಹೇಳದೆ ಬಿಟ್ಟದ್ದೇ ಹೆಚ್ಚಿನದು. ಸ್ತೂಪವಿಲ್ಲ, ಭಿಕ್ಷುಗಳಿಲ್ಲ, ಅಶೋಕನಿಲ್ಲ, ಶಾತವಾಹನರಿಲ್ಲ. ಕೆಲವು ಶತಮಾನಗಳ ಕಾಲ ಈ ನದೀತೀರದಲ್ಲಿ ಬಾಳಿದ ಒಂದು ಧರ್ಮವು ಸಂಪೂರ್ಣವಾಗಿ ಮರೆತುಹೋಗಿದೆ. ಇದನ್ನು ದುರುದ್ದೇಶದ ಮರೆಮಾಚುವಿಕೆಯೆಂದು ಎಣಿಸಲು ಕಾರಣ ಕಾಣುವುದಿಲ್ಲ. ಸ್ತೂಪವು ದಿಬ್ಬವಾಗಿ, ಬ್ರಾಹ್ಮೀಲಿಪಿಯನ್ನು ಓದಬಲ್ಲವರು ಯಾರೂ ಉಳಿಯದೆ ಹೋದ ಮೇಲೆ ಮಾಹಾತ್ಮ್ಯವು ಹುಟ್ಟಿತು. ಅದರ ಕರ್ತೃವಿಗೆ ಕಂಡದ್ದು ಹಾಳುಕೋಟೆ, ಹೊಳೆ, ದೇವಿ. ಆ ಮೂರನ್ನು ಕೂಡಿಸಿ ಅವನು ಊರಿಗೊಂದು ಅರ್ಥವನ್ನು ಕೊಟ್ಟನು. ಆದುದರಿಂದ ಮಾಹಾತ್ಮ್ಯವು ಶಾತವಾಹನರ ಕಾಲದ ಸನ್ನತಿಗೆ ಸಾಕ್ಷಿಯಲ್ಲ. ತಾನು ಹುಟ್ಟಿದ ಕಾಲದ ಸನ್ನತಿಗೆ ಮಾತ್ರ ಸಾಕ್ಷಿ. ಆ ಮಟ್ಟಿಗೆ ಅದು ಅಮೂಲ್ಯ.

ಗ್ರಂಥವು ಮರೆತುದನ್ನು ಪೂಜೆಯು ಕಾಪಾಡಿತೆಂಬುದನ್ನೂ ಗಮನಿಸಬೇಕು. ಅಶೋಕನ ಬಂಡೆಯು ಬಯಲಿನಲ್ಲಿ ಬಿದ್ದಿದ್ದರೆ ಯಾವುದೋ ಮನೆಯ ಹೊಸ್ತಿಲೋ ಬಾವಿಯ ಕಟ್ಟೆಯೋ ಆಗಿ ಸವೆದುಹೋಗುತ್ತಿತ್ತು. ದೇವಿಯ ಪೀಠವಾದುದರಿಂದಲೇ ಅದು ಉಳಿಯಿತು. ಅದರ ಮೇಲಿದ್ದ ಹನ್ನೆರಡನೆಯ ಶಾಸನದ ವಿಷಯವೆಂದರೆ, ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರಪಂಥವನ್ನು ನಿಂದಿಸದೆ ಮಾತಿನಲ್ಲಿ ಸಂಯಮವಿರಬೇಕೆಂಬುದು.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಐದು ಸೂತ್ರಗಳು ನಿಷ್ಪನ್ನವಾಗುತ್ತವೆ. ಒಂದು, ಗ್ರಂಥದ ಸ್ತರಗಳನ್ನು ಬೇರ್ಪಡಿಸಿ ಒಂದೊಂದರ ಕಾಲವನ್ನೂ ನಿರ್ಣಯಿಸಬೇಕು. ಎರಡು, ಅನೇಕ ನಗರಗಳಿಗೆ ಸಮಾನವಾಗಿ ಸಲ್ಲುವ ವರ್ಣನೆಯನ್ನು ಕಳೆದು, ಆ ಒಂದು ಊರಿಗೆ ಮಾತ್ರ ಸಲ್ಲುವ ವಿವರವನ್ನು ಉಳಿಸಿಕೊಳ್ಳಬೇಕು. ಮೂರು, ಗ್ರಂಥದ ಉದ್ದೇಶಕ್ಕೆ ಪ್ರತಿಕೂಲವಾದ ವಿವರಕ್ಕೆ ಹೆಚ್ಚು ಬೆಲೆ ಕೊಡಬೇಕು. ನಾಲ್ಕು, ಪರಸ್ಪರ ಸಂಬಂಧವಿಲ್ಲದ ಸಾಕ್ಷಿಗಳನ್ನು, ಸಾಧ್ಯವಾದರೆ ಶತ್ರುಪಕ್ಷದ ಸಾಕ್ಷಿಯನ್ನು, ಅರಸಬೇಕು. ಐದು, ನೆಲದ ಸಾಕ್ಷ್ಯವು ಯಾವ ಮಾತನ್ನು ಸಮರ್ಥಿಸುತ್ತದೆಯೋ ಅಷ್ಟನ್ನೇ ಸ್ವೀಕರಿಸಬೇಕು; ಕೋಟೆ ಸಿಕ್ಕಿತೆಂದು ಕಥೆಯನ್ನೂ, ಕಥೆಯು ಸುಳ್ಳೆಂದು ಕೋಟೆಯನ್ನೂ ನಿರ್ಣಯಿಸಲಾಗದು.

ಇವುಗಳಲ್ಲಿ ಐದನೆಯ ಪರೀಕ್ಷೆಯು ಮಾತ್ರ ಕಾಲಾವಧಿಗೆ ಒಳಪಟ್ಟದ್ದು. ಹಸ್ತಪ್ರತಿಯನ್ನು ನಾಳೆ ಮತ್ತೆ ಓದಬಹುದು. ನೇಗಿಲಿಗೆ ಸಿಕ್ಕಿದ ಸ್ತರವನ್ನು, ಕಟ್ಟಡಕ್ಕೆ ಒಯ್ದ ಇಟ್ಟಿಗೆಯನ್ನು, ನೀರಿನಡಿ ಹೋದ ದಡವನ್ನು ಮತ್ತೆ ಓದಲಾಗದು. ಸೊನ್ನದಿಂದ ಸನ್ನತಿಯ ವರೆಗಿನ ಭೀಮಾತೀರದಲ್ಲಿ ನೀರಾವರಿಯೂ ಬೇಸಾಯವೂ ಬೆಳೆಯುತ್ತಿರುವುದು ಜನರಿಗೆ ಹಿತಕರವೇ. ಅದರೊಡನೆಯೇ ಈ ದಡದ ದಿಬ್ಬಗಳ, ಬಿಡಿಕಲ್ಲುಗಳ, ಗುಡಿಗಳ ಪೀಠಗಳ ಪಟ್ಟಿಯನ್ನು ಊರೂರಿಗೆ ಹೋಗಿ ತಯಾರಿಸುವ ಕಾರ್ಯವು ವಿಳಂಬವಿಲ್ಲದೆ ನಡೆಯತಕ್ಕದ್ದು. ಸನ್ನತಿಯ ಬಂಡೆಯು ಬೆಳಕಿಗೆ ಬಂದದ್ದು ಒಂದು ಮಾಳಿಗೆಯು ಆಕಸ್ಮಿಕವಾಗಿ ಕುಸಿದುದರಿಂದ. ಉಳಿದವುಗಳಿಗೂ ಅಂತಹ ಆಕಸ್ಮಿಕವನ್ನೇ ಕಾಯುತ್ತ ಕೂಡುವುದು ವಿದ್ಯಾಸಂಸ್ಥೆಗಳಿಗೆ ಶೋಭಿಸದು.